ಎಡಗಡೆಯ ನೆಗ್ಗು

ನಲವತ್ತೈದು ವರ್ಷದಿಂದ ನಾನು ಮಾಡಿಕೊಂಡು ಬಂದಿರುವುದು ಒಂದೇ ಕೆಲಸ, ನೆಗ್ಗು ತೆಗೆಯುವುದು. ಅರಸೀಕೆರೆಯ ರೈಲ್ವೆ ಲೈನಿನ ಪಕ್ಕ ನನ್ನ ಟಿಂಕರಿಂಗ್ ಶೆಡ್ಡಿದೆ. ಗುದ್ದಿಸಿಕೊಂಡು ಬಂದ ಕಾರು, ಮಗುಚಿ ಬಿದ್ದ ಆಟೋ, ಎಮ್ಮೆ ಗುಮ್ಮಿದ ವ್ಯಾನು, ಯಾವುದೇ ಬರಲಿ, ತಗಡಿನ ಒಂದು ಮಗ್ಗುಲಿಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು ಇನ್ನೊಂದು ಮಗ್ಗುಲಿನಿಂದ ಸುತ್ತಿಗೆಯಲ್ಲಿ ಬಡಿದು, ಪೆಟ್ಟೇ ಬಿದ್ದಿರಲಿಲ್ಲವೇನೋ ಅನ್ನುವ ಹಾಗೆ ಮಾಡಿ ಕಳಿಸುತ್ತೇನೆ. ಎಷ್ಟು ನೆಗ್ಗು ತೆಗೆದಿದ್ದೇನೋ ನನಗೇ ಗೊತ್ತಿಲ್ಲ. ಅದರಲ್ಲಿ ಒಂದನ್ನು ತೆಗೆಯಬಾರದಿತ್ತು. ಅದು ನನ್ನ ತಮ್ಮನ ಎದೆಗವಚದ ಎಡಗಡೆ ಇತ್ತು.

ಈ ಕಾಲದಲ್ಲಿ ಕವಚ ಯಾರಯ್ಯ ತೊಡುತ್ತಾರೆ ಎಂದು ಕೇಳಬೇಡಿ. ನಾನೂ ಅವನನ್ನು ಅದನ್ನೇ ಕೇಳಿದ್ದೆ, ಅದೂ ಶೆಡ್ಡಿನಲ್ಲಿ ನಾಲ್ಕು ಜನ ಗಿರಾಕಿಗಳ ಎದುರಿಗೆ.

ನಮ್ಮದು ಗೆಂಡೆಹಳ್ಳಿ ಕಡೆ. ನಾನು ಏಳನೇ ಕ್ಲಾಸಿಗೆ ಪುಸ್ತಕ ಎಸೆದು ಅರಸೀಕೆರೆಗೆ ಬಂದು ಸುತ್ತಿಗೆ ಹಿಡಿದೆ. ನನಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ಓದಿದ. ಓದಿ, ಮದುವೆಯಾಗಿ, ಮಾದಿಹಳ್ಳಿಯ ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮನೆ ಮಾಡಿದ. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ನೀರು ಬೆರೆಸಿದ್ದಾರಾ ಅಂತ ನೋಡುವುದು ಅವನ ಕೆಲಸ. ಭಾನುವಾರ ಬಂತೆಂದರೆ ಮಾತ್ರ ಅವನು ಹೊಯ್ಸಳರ ಸೈನಿಕ. ಹಳೇಬೀಡಿನ ಹೈಸ್ಕೂಲ್ ಮೇಷ್ಟ್ರೊಬ್ಬರು ಏಳೆಂಟು ಜನರನ್ನು ಕಟ್ಟಿಕೊಂಡು ಕೆರೆ ಕಡೆಯ ಒಂದು ಬಯಲಿನಲ್ಲಿ ಆಗಿನ ಯುದ್ಧವನ್ನು ಮಾಡಿ ತೋರಿಸುತ್ತಿದ್ದರು. ನಾಟಕವಲ್ಲ. ಮೈಕಿಲ್ಲ, ಹಾಡಿಲ್ಲ, ರಾಜನ ಡೈಲಾಗಿಲ್ಲ. ಆಗಿನ ಸೈನಿಕ ಮೈಮೇಲೆ ಏನು ಹಾಕುತ್ತಿದ್ದ, ಅಷ್ಟು ಭಾರ ಹೊತ್ತುಕೊಂಡು ಎಷ್ಟು ಹೊತ್ತು ಕತ್ತಿ ಬೀಸಬಲ್ಲ, ಇದನ್ನೆಲ್ಲ ತಾವೇ ತೊಟ್ಟು, ತಾವೇ ಬೀಸಿ ನೋಡುವುದು. ಟೂರಿಗೆ ಬಂದ ಶಾಲೆ ಮಕ್ಕಳು ಬದುವಿನ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು.

"ಅಣ್ಣ, ನಂಗೊಂದು ಕವಚ ಮಾಡ್ಕೊಡು" ಅಂದ ಶೆಡ್ಡಿಗೆ ಬಂದು.

"ಯಾಕ್ಲಾ? ಹಾಲಿಗೆ ನೀರಾಕೋರು ನಿನ್ ಮೇಲೆ ಕತ್ತಿ ತಗಂಡ್ ಬತ್ತಾವ್ರಾ?" ಅಂದೆ. ಗಿರಾಕಿಗಳೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಅವನಿಗೆ ಬೇಜಾರು ಮಾಡಿಕೊಳ್ಳುವುದೇ ಬರುತ್ತಿರಲಿಲ್ಲ. ಆ ಇಲಾಖೆಯನ್ನೆಲ್ಲ ನಾನೇ ವಹಿಸಿಕೊಂಡಿದ್ದೆ. ನಾನು ಸಿಡುಕ ಅನ್ನುವುದು ನಮ್ಮ ರಸ್ತೆಗೆಲ್ಲ ಗೊತ್ತು.

ಮುಂದಿನ ಭಾನುವಾರ ನನ್ನನ್ನು ಎಳೆದುಕೊಂಡು ಹಳೇಬೀಡಿನ ಗುಡಿಗೆ ಹೋದ. ಗೋಡೆ ಸುತ್ತ ಆನೆ, ಕುದುರೆ, ಕತ್ತಿ ಹಿಡಿದ ಸೈನಿಕರು. ಬಗ್ಗಿ ಬಗ್ಗಿ ನೋಡಿದೆ. "ಲೇ, ಇವ್ರಲ್ಲಿ ಅರ್ಧಕ್ಕರ್ಧ ಜನಕ್ಕೆ ಮೈಮೇಲೆ ಒಡವೆ ಬುಟ್ರೆ ಇನ್ನೇನೂ ಇಲ್ವಲ್ಲೋ, ಕವಚ ಎಲ್ಲೈತ್ಲಾ?" ಅಂದೆ. ಜೊತೆಗಿದ್ದ ಮೇಷ್ಟ್ರು ಪ್ರಾಮಾಣಿಕರು, ಒಪ್ಪಿಕೊಂಡರು. ಸಾಮಾನ್ಯ ಸೈನಿಕನಿಗೆ ಬಹುಶಃ ದಪ್ಪ ಬಟ್ಟೆ, ಚರ್ಮ ಅಷ್ಟೇ. ಲೋಹದ ಕವಚ ಇದ್ದರೆ ದೊಡ್ಡವರಿಗೆ ಇದ್ದೀತು, ಅದರ ಆಕಾರವನ್ನೂ ನಾವು ಅಂದಾಜು ಮಾಡಬೇಕು ಅಂದರು. "ಹಂಗಾರೆ ನಾನು ದೊಡ್ಡೋನು, ಬರ್ಕಳಿ ಸಾರ್" ಅಂದ ತಮ್ಮ.

ನಾನು ಒಬ್ಬ ಕಲ್ಲಿನ ಸೈನಿಕನ ಎದೆಯ ಮೇಲೆ ಅಂಗೈ ಇಟ್ಟೆ. ಕಾವಲಿನವನು ಪೀಪಿ ಊದಿಕೊಂಡು ಓಡಿ ಬಂದ. "ಮುಟ್ಟಬೇಡ್ರೀ! ಬೋರ್ಡ್ ಕಾಣಲ್ವಾ?" "ಮುಟ್ದಲೇ ಏನ್ರೀ ಗೊತ್ತಾಯ್ತದೆ?" ಅಂತ ನಾನೂ ಜೋರು ಮಾಡಿದೆ. ತಪ್ಪು ನನ್ನದೇ, ಆದರೆ ನಮ್ಮ ಕೆಲಸದಲ್ಲಿ ಕಣ್ಣನ್ನು ನಂಬುವ ಹಾಗಿಲ್ಲ. ಬೆಳಕು ಸ್ವಲ್ಪ ವಾಲಿದರೆ ಸಾಕು, ಕಣ್ಣು ಮೋಸ ಹೋಗುತ್ತದೆ. ತಗಡಿನ ಮೇಲೆ ಒಂದು ತೆಳುವಾದ ಬಟ್ಟೆ ಇಟ್ಟು, ಕಣ್ಣು ಮುಚ್ಚಿ, ಅಂಗೈ ಜಾರಿಸಬೇಕು. ಕೂದಲಷ್ಟು ತಗ್ಗಿದ್ದರೂ ಅಂಗೈ ಹೇಳುತ್ತದೆ.

ತಮ್ಮನಿಗೂ ಅದನ್ನು ಕಲಿಸಲು ನೋಡಿದ್ದೆ. ಕಾರಿನ ಬಾನೆಟ್ ಮೇಲೆ ಅವನ ಕೈ ಇಡಿಸಿ, "ಕಣ್ಮುಚ್ಚು, ಹುಡ್ಕು" ಅನ್ನುತ್ತಿದ್ದೆ. ಅವನು ಎರಡು ಸಲ ಜಾರಿಸಿ ಎಲ್ಲೋ ಒಂದು ಕಡೆ ಕೈ ನಿಲ್ಲಿಸಿ, "ಸಿಕ್ತು ಅಣ್ಣ!" ಅನ್ನುವನು. ನೆಗ್ಗು ಇರುವುದು ಇನ್ನೊಂದು ಮೂಲೆಯಲ್ಲಿ! ತಲೆಗೆ ಒಂದು ಬಿಡುತ್ತಿದ್ದೆ. "ಸಿಕ್ದಿದ್ರೆ ಸಿಕ್ಕಿಲ್ಲ ಅನ್ನು, ಸುಳ್ಳ್ಯಾಕ್ಲಾ ಹೇಳ್ತೀಯ?" "ನೀನು ಅಷ್ಟು ಆಸೆಯಿಂದ ನೋಡ್ತಾ ಇದ್ದೆ ಅಣ್ಣ" ಅನ್ನುವನು. ಅದಕ್ಕೆ ನಾನು ಇನ್ನಷ್ಟು ಬೈಯುತ್ತಿದ್ದೆ.

ಕವಚ ಮಾಡಿದ್ದು ಹಳೆಯ ಜೀಪಿನ ಬಾನೆಟ್ಟಿನಿಂದ. ಈಗಿನ ಕಾರಿನ ತಗಡು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಅದು ಹಾಗಲ್ಲ. ಅವನ ಎದೆಯ ಅಳತೆಯನ್ನು ಟ್ವೈನ್ ದಾರದಲ್ಲಿ ತೆಗೆದೆ. ಕಂಕುಳ ಹತ್ತಿರ ದಾರ ಬಂದರೆ ಸಾಕು, ಕಚಗುಳಿ ಅಂತ ಕುಣಿಯುತ್ತಿದ್ದ. ತಗಡನ್ನು ಮರಳು ಮೂಟೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ನಿಧಾನವಾಗಿ ಬಡಿದು ಎದೆಯ ಉಬ್ಬು ತಂದೆ. ಭುಜಕ್ಕೆ ಒಂದರ ಮೇಲೊಂದು ಕೂರುವ ಪಟ್ಟಿಗಳನ್ನು ಚರ್ಮಕ್ಕೆ ರಿವೆಟ್ ಹೊಡೆದು ಕೂರಿಸಿದೆ. ಮೂರು ಭಾನುವಾರ ಹಿಡಿಯಿತು. ತೊಟ್ಟುಕೊಂಡು ಅವನು ಬೆರಳ ಗೆಣ್ಣಿನಿಂದ ಎದೆ ತಟ್ಟಿಕೊಂಡ, ಠಣ್ ಠಣ್ ಅಂದಿತು. "ನಮ್ಮಣ್ಣ ಮಾಡಿರೋದು, ಇನ್ಯಾವನ್ ಏನ್ ಮಾಡಕ್ಕಾಯ್ತದೆ ನಂಗೆ?" ಅಂದ. ನನಗೂ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ.

ಬಯಲಿನ ಯುದ್ಧದಲ್ಲಿ ಯಾವಾಗಲೂ ಮೊದಲು ಸಾಯುವವನು ಅವನೇ. ಯಾರಿಗೂ ಬೇಡವಾದ ಪಾತ್ರ, ಅವನು ಕೇಳಿ ಪಡೆದಿದ್ದ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಮೊಂಡು ಕತ್ತಿ ಎದೆಗೆ ತಾಗಿದ್ದೇ ತಡ, ಮೂರು ಸುತ್ತು ಸುತ್ತಿ, ಎರಡೂ ಕೈ ಚಾಚಿ, ದಬ್ಬನೆ ಬೀಳುವನು. ಮಕ್ಕಳಿಗೆ ರಾಜನೂ ಬೇಡ, ಇತಿಹಾಸವೂ ಬೇಡ. "ಇನ್ನೊಂದ್ಸಲ ಸಾಯಿ ಅಂಕಲ್! ಇನ್ನೊಂದ್ಸಲ!" ಅಂತ ಕೂಗುವರು. ಇವನು ಎದ್ದು, ಹುಲ್ಲು ಕೊಡವಿಕೊಂಡು, ಮತ್ತೆ ಸಾಯುವನು. ಒಂದು ದಿನ ಐದು ಸಲ ಸತ್ತದ್ದನ್ನು ನಾನೇ ನೋಡಿದ್ದೇನೆ.

ವರ್ಷಕ್ಕೊಮ್ಮೆ, ಟೂರಿನ ಸೀಸನ್ ಮುಗಿದ ಮೇಲೆ, ಕವಚವನ್ನು ಶೆಡ್ಡಿಗೆ ತರುತ್ತಿದ್ದ. ಕತ್ತಿ ಬಿದ್ದ ನೆಗ್ಗುಗಳನ್ನೆಲ್ಲ ನಾನು ತೆಗೆಯುತ್ತಿದ್ದೆ. ಎಡಗಡೆ, ಪಕ್ಕೆಲುಬಿನ ಮೇಲೆ, ಅರ್ಧ ನಿಂಬೆಹಣ್ಣು ಕೂರುವಷ್ಟು ಒಂದು ನೆಗ್ಗಿತ್ತು. ಕತ್ತಿಯ ಪೆಟ್ಟಿನ ಹಾಗಿರಲಿಲ್ಲ, ಗುಂಡಗಿತ್ತು. ಅಲ್ಲಿಗೆ ಸುತ್ತಿಗೆ ಒಯ್ದರೆ ಸಾಕು, ಕೈ ಹಿಡಿದುಕೊಳ್ಳುವನು.

"ಎಡಗಡೇದು ಇರ್ಲಿ ಅಣ್ಣ."

"ಟಿಂಕರ್ ತಮ್ಮನ ಎದೆ ಮೇಲೆ ನೆಗ್ಗಿದ್ರೆ ನನ್ ಮರ್ವಾದೆ ಏನಾಗ್ಬೇಕ್ಲಾ?"

"ಇರ್ಲಿ ಬುಡಣ್ಣ. ಅದು ಇತಿಹಾಸ."

ನಿಜವಾದ ಕವಚದಲ್ಲಿ ನೆಗ್ಗು ಇರಬೇಕು ಅಂತ ಆ ಮೇಷ್ಟ್ರು ತಲೆಗೆ ತುಂಬಿರಬೇಕು ಅಂದುಕೊಂಡೆ. ನಾನು ಕದ್ದು ತೆಗೆದುಬಿಡುತ್ತೇನೆಂದು ಕೆಲಸ ಮುಗಿಯುವವರೆಗೂ ಅವನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದ. ನಾನು ಗೊಣಗುತ್ತಲೇ ಆ ಜಾಗ ಬಿಟ್ಟು ಸುತ್ತಲೂ ಉಜ್ಜಿ ಕೊಡುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಡೈರಿಯಲ್ಲಿ ಅವನಿಗೆ ಎದೆ ಉರಿ ಬಂತು. ಗ್ಯಾಸ್ಟ್ರಿಕ್ ಅಂದ. ನಮ್ಮ ಕಡೆ ಎದೆಯಲ್ಲಿ ಏನಾದರೂ ಅದು ಗ್ಯಾಸ್ಟ್ರಿಕ್ಕೇ. ನಿಂಬೆಹುಳಿ ಹಿಂಡಿದ ಸೋಡಾ ಕುಡಿದ. ಉಳಿದ ನಾಲ್ಕು ಮನೆಯವರ ಹಾಲು ಅಳೆದು ಮುಗಿಸಿ, ಖಾಲಿ ಕ್ಯಾನಿನ ಮೇಲೆ ಕೂತ. ಕೂತವನು ಪಕ್ಕಕ್ಕೆ ವಾಲಿದ. ಹಾಸನ ಮುಟ್ಟುವುದಕ್ಕೆ ಮುಂಚೆಯೇ, ದಾರಿಯಲ್ಲೇ ಎಲ್ಲ ಮುಗಿದಿತ್ತು.

ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು. ಎರಡೂ ಕೈ ಎದೆಯ ಮೇಲೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ ಅವನ ಹೆಗಲು ಹಿಡಿದು ಅಲ್ಲಾಡಿಸಿಬಿಟ್ಟೆ. "ಏಳೋ, ಸಾಕು. ಮಕ್ಳೆಲ್ಲ ಹೋದ್ರು, ಏಳೋ" ಅಂದೆ. ಯಾರೋ ನನ್ನನ್ನು ಹಿಡಿದು ಆಚೆಗೆ ಕೂರಿಸಿದರು. ಅವನ ಎದೆಗೆ ಕವಚ ಮಾಡಿಕೊಟ್ಟವನು ನಾನು. ಜೀಪಿನ ಬಾನೆಟ್ಟು, ಮೂರು ಭಾನುವಾರ, ಅಷ್ಟು ರಿವೆಟ್ಟು, ಏನು ಬಂತು ಭಾಗ್ಯ? ಪೆಟ್ಟು ಒಳಗಿನಿಂದ ಬಂದಿತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರು ಎದ್ದು ಹೋದ ಮೇಲೆ ತಮ್ಮನ ಹೆಂಡತಿ ನಡುಮನೆಯ ಗೂಟದಿಂದ ಕವಚ ಇಳಿಸಿಕೊಂಡು ಬಂದಳು. ಕೆಳಗಿನ ಅಂಚಿಗೆ ತುಕ್ಕು ಹತ್ತಿತ್ತು.

"ಭಾವ, ಮುಂದಿನ ತಿಂಗಳು ಮೇಷ್ಟ್ರು ಬಯಲಲ್ಲಿ ಇದನ್ನ ಇಟ್ಟು ಹೂವ ಹಾಕ್ತಾರಂತೆ. ತುಕ್ಕು ಹಿಡ್ದೈತೆ. ಸ್ವಲ್ಪ ರೆಡಿ ಮಾಡ್ಕೊಡಿ."

ರೆಡಿ. ಅವಳು ಹೇಳಿದ್ದು ಆ ಒಂದು ಮಾತು. ಒರೆಸಿ, ಎಣ್ಣೆ ಹಚ್ಚಿ ಕೊಡಿ ಅನ್ನುವುದು ಅವಳ ಮನಸ್ಸಿನಲ್ಲಿ. ನಮ್ಮ ಶೆಡ್ಡಿನಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಗಾಡಿ ರೆಡಿ ಮಾಡಿ ಅಂದರೆ ಒಂದು ನೆಗ್ಗೂ ಉಳಿಯಬಾರದು, ಶೋರೂಮಿನಿಂದ ಈಗ ಇಳಿದ ಹಾಗಿರಬೇಕು. "ಆಯ್ತು ಕಣಮ್ಮ, ರೆಡಿ ಮಾಡ್ಕೊಡ್ತೀನಿ" ಅಂದೆ.

ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. "ಏನ್ ಯಜಮಾನ್ರೇ, ಹಂಡೇನಾ?" ಅಂದ ಕಂಡಕ್ಟರು. ಹೂಂ ಅಂದೆ. ತೊಡೆಯ ಮೇಲಿಟ್ಟುಕೊಂಡಿದ್ದೆ, ಅದರ ಟೊಳ್ಳು ನನ್ನ ಎದೆಗೆ ಒತ್ತುತ್ತಿತ್ತು. ಜಾವಗಲ್ ದಾಟುವವರೆಗೂ ಅಳು ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಪಕ್ಕದ ಸೀಟಿನ ಹೆಂಗಸು ಕಿಟಕಿ ತೆರೆದು ಕೊಟ್ಟರು, ವಾಂತಿ ಬರುತ್ತಿದೆ ಅಂದುಕೊಂಡರೋ ಏನೋ.

ನಾಲ್ಕು ದಿನ ಬೇರೆ ಕೆಲಸ ಹಿಡಿಯಲಿಲ್ಲ. ಹದಿನೇಳು ನೆಗ್ಗಿದ್ದವು. ಒಂದೊಂದನ್ನೇ ತೆಗೆದೆ, ಅಂಗೈ ಜಾರಿಸಿದೆ, ಮತ್ತೆ ತೆಗೆದೆ. ಹದಿನಾರು ಮುಗಿದು ಎಡಗಡೆಯದು ಉಳಿಯಿತು. ಸುತ್ತಿಗೆ ಎತ್ತಿದವನು ನಿಂತೆ. ಮರೆತು ಮಾಡಿದೆ ಅನ್ನುವ ಹಾಗಿಲ್ಲ. ಅವನ ಮಾತು ಕಿವಿಯಲ್ಲೇ ಇತ್ತು, ಇರ್ಲಿ ಅಣ್ಣ. ಪಕ್ಕದಲ್ಲಿ ಸ್ಟೂಲೂ ಇತ್ತು. ಅದನ್ನು ನೋಡಿದ್ದೇ ಸಿಟ್ಟು ಬಂತು. ಒಂದು ಮಾತು ಹೇಳದೆ ಎದ್ದು ಹೋದೆಯಲ್ಲೋ, ಅಣ್ಣ ಒಬ್ಬ ಇದ್ದಾನೆ ಅಂತ ಅನ್ನಿಸಲಿಲ್ಲವಲ್ಲೋ ನಿನಗೆ, ನಿನ್ನ ಮಾತು ನಾನ್ಯಾಕೆ ಕೇಳಲಿ? ಅಂದೆ. ಹೂವು ಹಾಕುವ ದಿನ ನಾಲ್ಕು ಜನ ನೋಡುವಾಗ ನನ್ನ ತಮ್ಮನ ಎದೆ ನುಣುಪಾಗಿ, ಪೆಟ್ಟಿಲ್ಲದೆ ಇರಬೇಕು ಅಂತಲೂ ಇತ್ತು. ಒಳಗಿನಿಂದ ಬಡಿದೆ. ಅತ್ತುಕೊಂಡೇ ಬಡಿದೆ. ನನ್ನ ಕೈಯಿಂದ ಅಷ್ಟು ಚೊಕ್ಕಟವಾದ ಕೆಲಸ ಹಿಂದೆಂದೂ ಆಗಿರಲಿಲ್ಲ.

ಹೊಸ ದುಪ್ಪಟಿಯಲ್ಲಿ ಸುತ್ತಿಕೊಂಡು ಮಾದಿಹಳ್ಳಿಗೆ ಹೋದೆ. ತಮ್ಮನ ಮಗಳು ಹಾಸ್ಟೆಲ್ಲಿಗೆ ವಾಪಸ್ಸು ಹೋಗಿದ್ದಳು, ಅವನ ಹೆಂಡತಿ ಒಬ್ಬಳೇ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ಒರೆಸಿಕೊಂಡು ದುಪ್ಪಟಿ ಬಿಡಿಸಿದಳು. ಬಿಸಿಲು ಬಿದ್ದು ಕವಚ ಫಳ್ ಅಂತ ಹೊಳೆಯಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಚೆನ್ನಾಗಿದೆ ಭಾವ ಅನ್ನುತ್ತಾಳೆ ಅಂತ ಕಾಯುತ್ತಿದ್ದೆ.

ಅವಳ ಕೈ ನೆಟ್ಟಗೆ ಎಡಗಡೆಗೆ ಹೋಯಿತು. ಅಲ್ಲೇ ಸವರಿದಳು. ಮತ್ತೆ ಸವರಿದಳು. ಕವಚ ತಿರುಗಿಸಿ ಬಲಗಡೆ ನೋಡಿದಳು, ತನಗೇ ಎಡಬಲ ತಪ್ಪಿತೇನೋ ಅನ್ನುವಂತೆ.

"ಭಾವ, ಇಲ್ಲೊಂದು ಇತ್ತಲ್ಲ?"

"ಏನಮ್ಮ?"

"ನೆಗ್ಗು."

ನಾನೆಂಥ ಮುಠ್ಠಾಳ, ಆಗಲೂ ನನಗೆ ಹೊಳೆಯಲಿಲ್ಲ. "ಒಂದೂ ಬುಟ್ಟಿಲ್ಲ ಕಣಮ್ಮ" ಅಂದೆ, ಹೆಮ್ಮೆಯಿಂದಲೇ. "ಹದಿನೇಳಿದ್ವು. ಎಲ್ಲಾ ತೆಗ್ದೆ."

ಅವಳು ಆ ಜಾಗವನ್ನು ಇನ್ನೊಮ್ಮೆ ಸವರಿದಳು. ಆಮೇಲೆ, ತಲೆ ಎತ್ತದೆ, ಹೇಳಿದಳು.

ಒಂದು ಭಾನುವಾರ ಅವಳನ್ನು ಬೇಲೂರಿಗೆ, ಅವಳ ಅಕ್ಕನ ಮನೆ ಗೃಹಪ್ರವೇಶಕ್ಕೆ ಕರೆದೊಯ್ಯುತ್ತೇನೆ ಅಂದಿದ್ದನಂತೆ. ಸೀರೆ ಉಟ್ಟು, ಹೂ ಮುಡಿದು, ಬೆಳಗಿನಿಂದ ಕಾದಿದ್ದಾಳೆ. ಆಸಾಮಿ ಸಂಜೆ ಬಂದ, ಕವಚ ಸಮೇತ, ಮೈಯೆಲ್ಲ ಮಣ್ಣು. ಅವಳು ಟೀಗೆ ಶುಂಠಿ ಕುಟ್ಟುತ್ತಿದ್ದಳು. ಬಂದವನೇ ಅವಳೆದುರು ಮಂಡಿಯೂರಿ ಕೂತು, "ಸಿಟ್ಟಿದ್ರೆ ಹೊಡ್ದ್ಬುಡು. ನಮ್ಮಣ್ಣ ಮಾಡಿರೋ ಕವಚ, ಏನೂ ಆಗಲ್ಲ" ಅಂದನಂತೆ. ಅವಳು ಕಬ್ಬಿಣದ ಕುಟ್ಟಾಣಿ ಎತ್ತಿ, ಇದ್ದಬದ್ದ ಶಕ್ತಿಯಲ್ಲಿ ಬಿಟ್ಟಳು. ಕವಚ ನೆಗ್ಗಿಹೋಯಿತು. ಇಬ್ಬರೂ ಬೆಚ್ಚಿಬಿದ್ದು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಕ್ಕರಂತೆ, ಸ್ಟವ್ ಮೇಲೆ ಟೀ ಉಕ್ಕಿ ಹರಿದರೂ ಗೊತ್ತಾಗದಷ್ಟು ನಕ್ಕರಂತೆ.

"ಅವತ್ತಿಂದ ಜಗಳ ಆದ್ರೆ ಸಾಕು, ಎಡಗಡೆ ತೋರ್ಸೋರು. ಇಲ್ಲಾಗ್ಲೇ ಒಂದು ಬಿದ್ದೈತೆ, ಈ ಸಲ ಬುಟ್ಬುಡು ಅನ್ನೋರು" ಅಂದಳು.

"ನಂಗ್ಯಾಕೆ ಹೇಳ್ಲಿಲ್ಲ ಕಣಮ್ಮ ಅವ್ನು? ವರ್ಸ ವರ್ಸ ಕೇಳ್ತಿದ್ನಲ್ಲ!" ಅಂದೆ.

"ಅಣ್ಣಂಗೆ ಹೇಳ್ಬೇಡ ಅಂದಿದ್ರು ಭಾವ. ನಿಮ್ ಕವಚ ಒಂದು ಹೆಂಗ್ಸಿನ ಏಟಿಗೆ ನೆಗ್ಗೋಯ್ತು ಅಂದ್ರೆ ನೀವು ನೊಂದ್ಕತೀರ ಅಂತ."

ಅಯ್ಯೋ ಶಿವನೇ! ನನ್ನ ಮರ್ಯಾದೆ ಉಳಿಸುವುದಕ್ಕೆ ಅವನು ಬಾಯಿ ಮುಚ್ಚಿಕೊಂಡಿದ್ದ. ನಾನು ನನ್ನ ಮರ್ಯಾದೆಗಾಗಿ ಅದನ್ನು ಬಡಿದು ಹಾಕಿದ್ದೆ. ಅವರಿಬ್ಬರಿಗೆ ಇದ್ದ ಒಂದು ಗುರುತನ್ನು ನಾನು ಈ ಕೈಯಿಂದ ಅಳಿಸಿದ್ದೆ, ಅಳಿಸಿ, ಪಾಲಿಶ್ ಹಾಕಿ, ಹೊಸ ದುಪ್ಪಟಿಯಲ್ಲಿ ಸುತ್ತಿ ತಂದಿದ್ದೆ.

"ಕುಟ್ಟಾಣಿ ತಗಂಬಾಮ್ಮ" ಅಂದೆ. "ಅದೇ ಜಾಗ ನಂಗೊತ್ತು. ಅಷ್ಟೇ ಅಗಲ, ಅಷ್ಟೇ ಆಳ. ಮತ್ತೆ ಮಾಡ್ಕೊಡ್ತೀನಿ." ನಲವತ್ತೈದು ವರ್ಷದಲ್ಲಿ ಬೇಕೆಂದು ಒಂದು ನೆಗ್ಗು ಮಾಡಿದವನಲ್ಲ ನಾನು.

"ಬ್ಯಾಡಿ ಭಾವ. ನೀವು ಹೊಡುದ್ರೆ ಅದು ನಿಮ್ ಏಟಾಯ್ತದೆ."

"ಹಂಗಾರೆ ನೀನೇ ಹೊಡಿ ಕಣಮ್ಮ."

ಅವಳು ಕವಚದೊಳಗೆ ನೋಡಿದಳು. "ಒಳಗೆ ಯಾರವ್ರೆ ಅಂತ ಹೊಡೀಲಿ?" ಅಂದಳು.

ಅವಳು ಆಗಲೂ ಅಳಲಿಲ್ಲ. ನಾನೇ ಗೋಡೆಗೆ ಒರಗಿ, ಅರವತ್ತರ ಹತ್ತಿರದ ಮನುಷ್ಯ, ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಅವಳು ಎದ್ದು ಒಳಗೆ ಹೋಗಿ ನೀರು ತಂದು ಕೊಟ್ಟಳು. "ಕುಡೀರಿ ಭಾವ. ನಾನೇ ಸರ್ಯಾಗಿ ಹೇಳ್ಬೇಕಿತ್ತು, ಎಣ್ಣೆ ಒರ್ಸ್ಕೊಡಿ ಅಂತ" ಅಂದಳು. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವುದನ್ನು ನನ್ನ ತಮ್ಮನಿಂದಲೇ ಕಲಿತಿದ್ದಳು.

ಆಗ ನನಗೆ ಒಂದು ನೆನಪಾಯಿತು. ಒಮ್ಮೆ ಪೆಟ್ಟು ತಿಂದು ಹಿಗ್ಗಿದ ತಗಡನ್ನು ಎಂಥ ಕೆಲಸಗಾರ ಬಡಿದರೂ ಅದು ಪೂರ್ತಿ ಮೊದಲಿನ ಹಾಗೆ ಕೂರುವುದಿಲ್ಲ. ಕಣ್ಣಿಗೆ ಕಾಣದ ಒಂದು ಉಬ್ಬು ಉಳಿದೇ ಉಳಿಯುತ್ತದೆ. ಕಣ್ಣೀರು ಒರೆಸಿಕೊಂಡು ಟವೆಲ್ಲನ್ನು ಕವಚದ ಮೇಲೆ ಹಾಸಿ ಅಂಗೈ ಜಾರಿಸಿದೆ. ಇತ್ತು! ಎಡಗಡೆ, ಅದೇ ಪಕ್ಕೆಲುಬಿನ ಮೇಲೆ, ಕೂದಲೆಳೆಯಷ್ಟು.

"ಹೋಗಿಲ್ಲ ಕಣಮ್ಮ, ಐತೆ, ಇಲ್ಲೇ ಐತೆ!" ಅಂದೆ. ನನ್ನ ದನಿ ನನಗೇ ಹುಚ್ಚನ ದನಿಯಂತೆ ಕೇಳಿಸಿತು. "ಕಣ್ಣಿಗೆ ಕಾಣಾಕಿಲ್ಲ. ಕಣ್ಮುಚ್ಕೋ. ಅಂಗೈ ಇಡು. ಮೆಲ್ಲಗೆ ಜಾರ್ಸು."

ಕವಚವನ್ನು ಅವಳ ಮಡಿಲಲ್ಲಿಟ್ಟು, ಟವೆಲ್ ಹಾಸಿಕೊಟ್ಟೆ. ಅವಳು ಕಣ್ಣು ಮುಚ್ಚಿದಳು. ಅವರೆಕಾಯಿಯ ಸೊಗಡು ಮೆತ್ತಿದ ಆ ಕೈ ನಿಧಾನವಾಗಿ ಜಾರಿತು. ಆ ಜಾಗದ ಮೇಲೆ ಬಂತು, ನಿಲ್ಲಲಿಲ್ಲ, ದಾಟಿ ಹೋಯಿತು. ಮತ್ತೆ ಬಂತು, ಮತ್ತೆ ದಾಟಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅವಳು ಒಂದು ಸಲ ಕಣ್ಣು ಅರೆತೆರೆದು ನನ್ನ ಮುಖ ನೋಡಿ, ಮತ್ತೆ ಮುಚ್ಚಿಕೊಂಡಳು. ಕೈ ಮೇಲಕ್ಕೆ ಸರಿದು, ಭುಜದ ಪಟ್ಟಿಯ ಹತ್ತಿರ, ಎಂದೂ ಒಂದು ಪೆಟ್ಟೂ ಬೀಳದ ಜಾಗದಲ್ಲಿ ನಿಂತಿತು.

"ಹೂಂ. ಸಿಕ್ತು ಭಾವ" ಅಂದಳು.

ಸುಳ್ಳ್ಯಾಕೆ ಹೇಳ್ತೀಯ ಅಂತ ನಾನು ಈ ಸಲ ಬೈಯಲಿಲ್ಲ. "ಅಲ್ಲೇ ಕಣಮ್ಮ, ಅದೇ" ಅಂದೆ.